ಇಂಜಿನ್‌–ಗಿಯರ್ ಬಾಕ್ಸ್ ನಡುವಿನ ಹಠಮಾರಿ ಬೋಲ್ಟ್‌ಗಳು: ಕರಾವಳಿಯ ಗಾಡಿಗಳಲ್ಲಿ ಬಿಚ್ಚುವ ಕ್ರಮ

ಕಾರವಾರದ ಬೈತಖೋಲ ಬಂದರಿಗೆ ದಿನವೂ ಮೀನು ಹೇರಲು ಹೋಗುವ ಗಾಡಿ ಒಂದು, ಶಿರಸಿಯ ತೋಟದ ಮನೆಯಂಗಳದಲ್ಲಿ ನಿಲ್ಲುವ ಗಾಡಿ ಇನ್ನೊಂದು. ಎರಡನ್ನೂ ಕ್ಲಚ್ ಕೆಲಸಕ್ಕೆ ಬಿಚ್ಚಿದರೆ ಬೆಲ್ ಹೌಸಿಂಗ್‌ನ (ಕ್ಲಚ್ಚನ್ನು ಮುಚ್ಚಿ, ಗಿಯರ್ ಬಾಕ್ಸನ್ನು ಇಂಜಿನ್ನಿಗೆ ಕೂಡಿಸುವ ಗಂಟೆಯಾಕಾರದ ಕವಚ) ಬೋಲ್ಟ್‌ಗಳು ಕಚ್ಚಿಕೊಂಡಿರುವ ರೀತಿಯೇ ಬೇರೆ. ಘಟ್ಟದ ಮೇಲಿನ ಗಾಡಿಯಲ್ಲಿ ಕೆಂಪು ಮಣ್ಣು ಗಟ್ಟಿಯಾಗಿ ಮೆತ್ತಿರುತ್ತದೆ, ಅದರಡಿಯಲ್ಲಿ ಸಾಮಾನ್ಯ ಕೆಂಪು ತುಕ್ಕು ಇರುತ್ತದೆ. ಕರಾವಳಿಯ ಗಾಡಿಯಲ್ಲಿ ಬೋಲ್ಟ್‌ನ ತಲೆಯ ಸುತ್ತ ಸುಣ್ಣದಂಥ ಬಿಳಿ ಹುಡಿ ಕಾಣುತ್ತದೆ. ಮೊದಲನೆಯದು ಎಣ್ಣೆಗೆ ಬಗ್ಗುತ್ತದೆ. ಎರಡನೆಯದು ಎಣ್ಣೆಗೆ ಬಗ್ಗುವುದು ಕಡಿಮೆ, ಅದಕ್ಕೆ ಬಿಸಿ ಬೇಕು. ಈ ವ್ಯತ್ಯಾಸ ನೋಡದೆ ಉದ್ದದ ಪೈಪ್ ಹಾಕಿ ಎಳೆಯುವುದರಿಂದಲೇ ಹೆಚ್ಚಿನ ಬೋಲ್ಟ್‌ಗಳು ಮುರಿಯುತ್ತವೆ.

ಬಿಳಿ ಹುಡಿ ಅಲ್ಯೂಮಿನಿಯಂನ ತುಕ್ಕು. ಬೆಲ್ ಹೌಸಿಂಗ್ ಅಲ್ಯೂಮಿನಿಯಂ, ಬೋಲ್ಟ್ ಉಕ್ಕು. ನಡುವೆ ಉಪ್ಪುನೀರು ಸೇರಿದರೆ ಎರಡು ಲೋಹಗಳ ಮಧ್ಯೆ ಬ್ಯಾಟರಿಯಲ್ಲಿ ನಡೆಯುವಂಥ ಕ್ರಿಯೆ ಶುರುವಾಗಿ ಅಲ್ಯೂಮಿನಿಯಂ ಕರಗುತ್ತ ಹೋಗುತ್ತದೆ. ಹುಟ್ಟುವ ಆಕ್ಸೈಡ್ ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಹಾಗಾಗಿ ಬೋಲ್ಟ್‌ನ ದೇಹಕ್ಕೂ ತೂತಿಗೂ ನಡುವಿನ ಅರ್ಧ ಮಿಲಿಮೀಟರ್ ಸಂದು ಗಟ್ಟಿಯಾಗಿ ತುಂಬಿಕೊಳ್ಳುತ್ತದೆ. ಥ್ರೆಡ್ ಸಡಿಲಾದರೂ ಬೋಲ್ಟ್ ಹೊರಗೆ ಬರದಿರಲು ಇದೇ ಕಾರಣ. ಕಡಲ ಗಾಳಿಯೊಂದೇ ಇಷ್ಟು ಮಾಡಲು ಸಾಕು. ಮೀನಿನ ಪೆಟ್ಟಿಗೆಯ ಐಸ್ ಕರಗಿ ಸುರಿಯುವ ಗಾಡಿ, ಮರಳಿನ ಮೇಲೆ ಇಳಿಸಿದ ಗಾಡಿ ಆಗಿದ್ದರೆ ಹೇಳುವುದೇ ಬೇಡ.

ಕೆಲಸಕ್ಕೆ ಮುಂಚೆ ಇಂಜಿನ್ ಬ್ಲಾಕ್‌ಗೆ ಒಂದು ಆಯಸ್ಕಾಂತ ಹಿಡಿದು ನೋಡಿ. ಅಂಟಿದರೆ ಬ್ಲಾಕ್ ಬೀಡುಕಬ್ಬಿಣದ್ದು: ಬೊಲೆರೊ, ಸ್ವಿಫ್ಟ್‌ನ 1.3 ಡೀಸೆಲ್ ಇಂಥವು. ಅಂಟದಿದ್ದರೆ ಅಲ್ಯೂಮಿನಿಯಂ, ಮಾರುತಿಯ ಕೆ ಸರಣಿಯ ಪೆಟ್ರೋಲ್ ಇಂಜಿನ್‌ಗಳು ಹೀಗೆ. ಬಿಸಿ ಎಲ್ಲಿಗೆ ಕೊಡಬೇಕು ಎಂಬುದು ಇದರ ಮೇಲೆ ನಿಂತಿದೆ.

ಬೇಕಾದ ಸಾಮಾನು

ಆರು ಮೂಲೆಯ ಇಂಪ್ಯಾಕ್ಟ್ ಸಾಕೆಟ್‌ಗಳು ಬೇಕು. ಬೆಲ್ ಹೌಸಿಂಗ್ ಬೋಲ್ಟ್‌ಗಳು ಬಹುತೇಕ ಎಂ10 ಅಥವಾ ಎಂ12, ಅಂದರೆ 10 ಅಥವಾ 12 ಮಿಲಿಮೀಟರ್ ದಪ್ಪದವು. ತಲೆ 14, 17, ಕೆಲವದರಲ್ಲಿ 16 ಅಥವಾ 19 ಮಿಲಿಮೀಟರ್. ಹನ್ನೆರಡು ಮೂಲೆಯ ಸಾಕೆಟ್ ಮತ್ತು ಬಾಯಿ ತೆರೆದ ಪಾನಾ ಇಲ್ಲಿ ಬೇಡ, ಎರಡೂ ತುಕ್ಕು ತಿಂದ ತಲೆಯ ಮೂಲೆ ಸವೆಸುತ್ತವೆ. ಅರ್ಧ ಇಂಚಿನ ಬ್ರೇಕರ್ ಬಾರ್ (ಸಾಕೆಟ್ ತಿರುಗಿಸುವ ಉದ್ದ ಹಿಡಿಕೆ), ಒಟ್ಟು 60 ಸೆಂಟಿಮೀಟರ್ ಆಗುವಷ್ಟು ಎಕ್ಸ್‌ಟೆನ್ಶನ್, ಒಂದು ಯೂನಿವರ್ಸಲ್ ಜಾಯಿಂಟ್, ತಂತಿ ಬ್ರಷ್, 800 ಗ್ರಾಂ ಸುತ್ತಿಗೆ, ಹಿತ್ತಾಳೆಯ ಒಂದು ಕಡ್ಡಿ, ಹೀಟ್ ಗನ್ ಅಥವಾ ಸಣ್ಣ ಬ್ಯೂಟೇನ್ ಟಾರ್ಚ್, ಕಣ್ಣಿಗೆ ಕನ್ನಡಕ. ಇಂಪ್ಯಾಕ್ಟ್ ಗನ್ ಇದ್ದರೆ ಒಳ್ಳೆಯದು. ಮಳೆಗಾಲದಲ್ಲಿ ಕರೆಂಟ್ ನಂಬಿ ಕೂರುವ ಹಾಗಿಲ್ಲವಾದ್ದರಿಂದ ಕೈಯಿಂದಲೇ ಮುಗಿಸುವ ತಯಾರಿ ಇರಲಿ.

ಎಣ್ಣೆಯ ಮಾತು. ಡಬ್ಲ್ಯೂಡಿ-40 ತೇವ ಓಡಿಸುವುದಕ್ಕೆ ಚೆನ್ನ, ಕಚ್ಚಿದ ಥ್ರೆಡ್ಡಿಗೆ ಅದಕ್ಕಿಂತ ಪೆನೆಟ್ರೇಟಿಂಗ್ ಆಯಿಲ್ ಎಂದೇ ಮಾರುವ ಎಣ್ಣೆ ಮೇಲು. ಅದು ಸಿಗದಿದ್ದರೆ ಆಟೋಮ್ಯಾಟಿಕ್ ಗಿಯರ್ ಬಾಕ್ಸಿನ ಎಟಿಎಫ್ ಎಣ್ಣೆ 50 ಮಿಲಿ, ಅಸಿಟೋನ್ 50 ಮಿಲಿ ಸೇರಿಸಿಕೊಳ್ಳಿ. ಒಂದು ಗಾಡಿಗೆ ಇಷ್ಟು ಸಾಕು. ಇವೆರಡೂ ನಿಂತಲ್ಲಿ ಬೇರೆಯಾಗುತ್ತವೆ, ಪ್ರತಿ ಸಲ ಅಲುಗಾಡಿಸಿ ಹಾಕಬೇಕು. ಅಸಿಟೋನ್ ಕೆಲವು ಪ್ಲಾಸ್ಟಿಕ್ಕುಗಳನ್ನು ಕರಗಿಸುತ್ತದೆ, ಆದ್ದರಿಂದ ಲೋಹದ ಎಣ್ಣೆ ಡಬ್ಬಿಯಲ್ಲಿಡಿ. ಬೇಗ ಹೊತ್ತಿಕೊಳ್ಳುತ್ತದೆ ಎಂಬುದು ನೆನಪಿರಲಿ. ಡೀಸೆಲ್, ಸೀಮೆಎಣ್ಣೆಯೂ ಕೆಲಸ ಮಾಡುತ್ತವೆ, ಆದರೆ ನಿಧಾನ. ಪೆಟ್ರೋಲ್ ಮಾತ್ರ ಹತ್ತಿರ ತರಬೇಡಿ.

ಹಿಂದಿನ ಸಂಜೆಯ ಕೆಲಸ

ಬ್ಯಾಟರಿಯ ನೆಗೆಟಿವ್ ತಂತಿ ತೆಗೆಯಿರಿ. ಬೆಲ್ ಹೌಸಿಂಗ್ ಸುತ್ತಲಿನ ಮಣ್ಣನ್ನು ಮೊಂಡು ಸ್ಕ್ರೂ ಡ್ರೈವರ್‌ನಿಂದ ಕೆರೆದು, ಪ್ರತಿ ಬೋಲ್ಟ್‌ನ ತಲೆ ಬೆಳ್ಳಗಾಗುವಷ್ಟು ಬ್ರಷ್ ಮಾಡಿ. ಸಾಕೆಟ್ ತಲೆಯ ಬುಡದವರೆಗೆ ಕೂರಬೇಕು, ನಡುವೆ ಮಣ್ಣಿದ್ದರೆ ಅರ್ಧ ಮಾತ್ರ ಕೂತು ಜಾರುತ್ತದೆ.

ಬೋಲ್ಟ್‌ನ ತುದಿ ಆಚೆ ಬದಿಯಲ್ಲಿ ಹೊರಗೆ ಕಾಣುವಂತಿದ್ದರೆ ಆ ತುದಿಯನ್ನೂ ಬ್ರಷ್‌ನಿಂದ ಉಜ್ಜಿ ಎಣ್ಣೆ ಹಾಕಿ. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಬಿಚ್ಚುವಾಗ ಹೊರಗಿನ ತುಕ್ಕು ತುಂಬಿದ ಥ್ರೆಡ್ಡೇ ಒಳಗಿನ ಒಳ್ಳೆಯ ಥ್ರೆಡ್ ಮೂಲಕ ಹಾಯ್ದು ಬರಬೇಕು, ಅಲ್ಯೂಮಿನಿಯಂ ಥ್ರೆಡ್ ಕಿತ್ತು ಬರುವುದು ಆಗಲೇ.

ಎಣ್ಣೆಯನ್ನು ತಲೆಯ ಬುಡಕ್ಕಷ್ಟೇ ಹಾಕಿದರೆ ಅದು ಥ್ರೆಡ್ ತಲುಪಲು ಬೋಲ್ಟ್‌ನ ಇಡೀ ದೇಹ ದಾಟಬೇಕು. ಬ್ಲಾಕ್‌ಗೂ ಹೌಸಿಂಗ್‌ಗೂ ನಡುವಿನ ಕೂಡುಗೆರೆ ಇದೆಯಲ್ಲ, ಬೋಲ್ಟ್ ಹಾಯುವ ಜಾಗದಲ್ಲಿ ಅಲ್ಲಿಗೂ ನಾಲ್ಕೈದು ಹನಿ ಬಿಡಿ. ಥ್ರೆಡ್ ಶುರುವಾಗುವುದು ಅಲ್ಲಿಂದಲೇ. ಹಳೆಯ ಕ್ಲಚ್ ಪ್ಲೇಟನ್ನೇ ಮತ್ತೆ ಹಾಕುವುದಾದರೆ ಕೂಡುಗೆರೆಗೆ ಎಣ್ಣೆ ಹನಿಸಬೇಕೇ ಹೊರತು ಸುರಿಯಬಾರದು. ಒಳಗೆ ಇಳಿದ ಎಣ್ಣೆ ಕ್ಲಚ್ಚಿನ ಮೈಗೆ ಹತ್ತಿದರೆ ಆ ಪ್ಲೇಟ್ ಕೆಲಸಕ್ಕೆ ಬಾರದು. ಮಲಗುವ ಮುಂಚೆ ಎರಡು ಸಲ, ಬೆಳಿಗ್ಗೆ ಎರಡು ಸಲ ಎಣ್ಣೆ ಬೀಳಲಿ. ಪ್ರತಿ ಸಲವೂ ಹಿತ್ತಾಳೆ ಕಡ್ಡಿಯನ್ನು ತಲೆಯ ಮೇಲಿಟ್ಟು ಸುತ್ತಿಗೆಯಿಂದ ನೇರಕ್ಕೆ ನಾಲ್ಕೈದು ಪೆಟ್ಟು ಕೊಡಿ. ಆ ಅದುರಿಗೆ ತುಕ್ಕಿನಲ್ಲಿ ಬಿರುಕು ಬಿಟ್ಟು ಎಣ್ಣೆಗೆ ದಾರಿಯಾಗುತ್ತದೆ. ಓರೆ ಪೆಟ್ಟು ಬೇಡ, ಹೌಸಿಂಗ್‌ನ ಕಿವಿ (ಬೋಲ್ಟ್ ಹಾಯುವ ಚಾಚು) ಸೀಳುತ್ತದೆ.

ಇಂಜಿನ್ ಮೌಂಟಿಂಗ್ ಮೇಲಿರುವಾಗಲೇ ಸಡಿಲಿಸಿ

ಇಡೀ ಕೆಲಸದಲ್ಲಿ ಕ್ರಮ ತಪ್ಪುವುದು ಇಲ್ಲಿ. ಮೊದಲು ಇಂಜಿನ್ ಎತ್ತಿ ಚೈನ್ ಬ್ಲಾಕ್‌ಗೆ ನೇತುಹಾಕಿ, ಆಮೇಲೆ ಬೋಲ್ಟ್ ಬಿಚ್ಚಲು ಕೂತರೆ ಎಳೆದಷ್ಟೂ ಇಂಜಿನ್ ತೂಗುತ್ತದೆ. ಬಲದ ಅರ್ಧ ಅಲ್ಲೇ ಹಾಳು, ಸಾಕೆಟ್ ಓರೆಯಾಗಿ ತಲೆ ಸವೆಯುತ್ತದೆ. ಮೌಂಟಿಂಗ್ ಮೇಲೆ ಕೂತ ಇಂಜಿನ್ನಿಗಿಂತ ಒಳ್ಳೆಯ ವೈಸ್ ಬೇರೆ ಇಲ್ಲ. ಇಂಜಿನ್, ಗಿಯರ್ ಬಾಕ್ಸ್ ಎರಡನ್ನೂ ಒಟ್ಟಿಗೇ ಹೊರತೆಗೆಯುವ ಯೋಚನೆ ಇದ್ದರೂ ಎಲ್ಲ ಬೋಲ್ಟ್‌ಗಳನ್ನೂ ಗಾಡಿಯಲ್ಲಿರುವಾಗಲೇ ಒಂದೊಂದು ಸುತ್ತು ಸಡಿಲಿಸಿ, ಮತ್ತೆ ಕೈಬಿಗಿ ಮಾಡಿಟ್ಟು, ಆಮೇಲೆ ಎತ್ತಿ.

ಗಾಡಿಯನ್ನು ಎತ್ತುವಾಗ ಎರಡೂ ಬದಿಗೆ ಸ್ಟ್ಯಾಂಡ್ ಕೊಡಲೇಬೇಕು. ಬರೇ ಜಾಕ್ ಮೇಲೆ ನಿಂತ ಗಾಡಿಯಡಿ ಮಲಗಿ ಬ್ರೇಕರ್ ಬಾರ್ ಎಳೆಯುವುದು ಜೀವದ ಜತೆ ಆಟ. ಅಂಗಳ ಮಣ್ಣಿನದಾದರೆ ಸ್ಟ್ಯಾಂಡಿನಡಿ ದಪ್ಪ ಹಲಗೆ ಹಾಕಿ. ಮಳೆಗೆ ನೆನೆದ ಜಂಬಿಟ್ಟಿಗೆ ನೆಲದಲ್ಲಿ ಸ್ಟ್ಯಾಂಡಿನ ಕಾಲು ಹೂತುಹೋಗುತ್ತದೆ.

ಕಷ್ಟದ ಬೋಲ್ಟ್‌ಗಳನ್ನು ಮೊದಲು ಹಿಡಿಯಿರಿ. ರಸ್ತೆಯ ನೀರು ಎರಚುವುದರಿಂದ ಸಾಮಾನ್ಯವಾಗಿ ಕೆಳಗಿನವು ಹೆಚ್ಚು ಕಚ್ಚಿರುತ್ತವೆ. ಮೇಲಿನವುಗಳ ತೊಂದರೆ ತುಕ್ಕಲ್ಲ, ಕೈ ಹೋಗದಿರುವುದು. ಬೊಲೆರೊ, ಓಮ್ನಿಯಂತೆ ಗಿಯರ್ ಬಾಕ್ಸ್ ಇಂಜಿನ್ನಿನ ಹಿಂದೆ ನೇರಕ್ಕೆ ಕೂತ ಗಾಡಿಗಳಲ್ಲಿ ಗಿಯರ್ ಬಾಕ್ಸಿನಡಿ ಜಾಕ್ ಕೊಟ್ಟು, ಹಿಂದಿನ ಮೌಂಟಿಂಗ್ ಬಿಚ್ಚಿ ಎರಡು ಮೂರು ಇಂಚು ಇಳಿಸಿದರೆ ಮೇಲಿನ ಬೋಲ್ಟ್‌ಗಳಿಗೆ ಹಿಂದಿನಿಂದ ಉದ್ದದ ಎಕ್ಸ್‌ಟೆನ್ಶನ್ ಹೋಗುತ್ತದೆ. ಇಳಿಸುವಾಗ ಫ್ಯಾನ್ ರೇಡಿಯೇಟರ್‌ಗೆ ತಾಗದಂತೆ, ಹೋಸ್ ಎಳೆಯದಂತೆ ಒಬ್ಬರು ಮುಂದೆ ನಿಂತು ನೋಡುತ್ತಿರಲಿ. ಯೂನಿವರ್ಸಲ್ ಜಾಯಿಂಟ್‌ಗೆ ಓರೆ ಹೆಚ್ಚಾದಷ್ಟೂ ಬಲ ನಷ್ಟ. ಸಾಧ್ಯವಾದಷ್ಟು ನೇರವಿರಲಿ.

ಯಾವ ಕಡೆ ತಿರುಗಿಸಬೇಕು ಎಂಬುದರಲ್ಲಿ ಗಾಡಿಯಡಿ ಮಲಗಿದವರು ತಪ್ಪುವುದು ಹೆಚ್ಚು. ಕೆಲವು ಬೋಲ್ಟ್‌ಗಳು ಇಂಜಿನ್ ಕಡೆಯಿಂದ, ಕೆಲವು ಗಿಯರ್ ಬಾಕ್ಸ್ ಕಡೆಯಿಂದ ಹೊಕ್ಕಿರುತ್ತವೆ. ತಲೆಗೆ ಎದುರಾಗಿ ನಿಂತಂತೆ ಊಹಿಸಿಕೊಂಡು ಗಡಿಯಾರದ ಉಲ್ಟಾ ದಿಕ್ಕು ಹಿಡಿಯಿರಿ. ಬಿಚ್ಚುತ್ತಿದ್ದೇವೆಂದು ಬಿಗಿದು ಮುರಿದ ಬೋಲ್ಟ್‌ಗಳು ಕಡಿಮೆಯೇನಲ್ಲ.

ತಿರುಗಿಸುವಾಗ ಕೈ ಏನು ಹೇಳುತ್ತದೆ

ಮೊದಲು ಬಿಗಿಯುವ ಕಡೆಗೆ ಒಂದಿಷ್ಟು ಒತ್ತಿ, ಐದು ಹತ್ತು ಡಿಗ್ರಿ ಸಾಕು. ತುಕ್ಕಿನ ಹಿಡಿತ ಆ ಕಡೆಗೂ ಬಿಡುತ್ತದೆ. ಆಮೇಲೆ ಬಿಚ್ಚುವ ಕಡೆಗೆ ನಿಧಾನವಾಗಿ ಬಲ ಏರಿಸಿ. ಎಂ10, 8.8 ದರ್ಜೆಯ (ಉಕ್ಕಿನ ಬಲ ಸೂಚಿಸುವ ಅಂಕಿ) ಬೋಲ್ಟನ್ನು ಬಿಗಿಯುವುದೇ 45ರಿಂದ 50 ನ್ಯೂಟನ್ ಮೀಟರ್‌ಗೆ. 60 ಸೆಂಟಿಮೀಟರ್ ಬಾರ್‌ನ ತುದಿಯಲ್ಲಿ 25 ಕೆಜಿ ಬಲ ಹಾಕಿದರೆ ಸುಮಾರು 147 ನ್ಯೂಟನ್ ಮೀಟರ್, ಅಂದರೆ ಬಿಗಿದದ್ದರ ಮೂರು ಪಟ್ಟು. ಅದಕ್ಕೇ ಎಂ10ಗೆ ಪೈಪ್ ಸೇರಿಸುವುದು ಬೇಡ ಎನ್ನುವುದು. ಎಂ12 ತುಸು ಹೆಚ್ಚು ತಡೆದುಕೊಳ್ಳುತ್ತದೆ.

‘ಟಕ್’ ಎಂದು ಶಬ್ದ ಬಂದು ಬೋಲ್ಟ್ ಸರಿದರೆ ಹಿಡಿತ ಬಿಟ್ಟಿತು, ಸಂತೋಷ. ತಿರುಗಿಸಿದಷ್ಟು ತಿರುಗಿ, ಕೈ ಬಿಟ್ಟರೆ ಸ್ಪ್ರಿಂಗ್‌ನಂತೆ ಹಿಂದಕ್ಕೆ ಬಂದರೆ ಬೋಲ್ಟ್‌ನ ದೇಹ ಮಾತ್ರ ತಿರುಚುತ್ತಿದೆ, ಥ್ರೆಡ್ ಅಲುಗಿಲ್ಲ. ಇನ್ನು ಶಬ್ದವೇ ಇಲ್ಲದೆ ಬೆಲ್ಲದ ಪಾಕ ಎಳೆದಂತೆ ಮೆತ್ತಗೆ ತಿರುಗುತ್ತ ಹೋದರೆ ತಕ್ಷಣ ನಿಲ್ಲಿಸಿ: ಉಕ್ಕು ಎಳೆದುಕೊಳ್ಳುತ್ತಿದೆ, ಇನ್ನು ಕಾಲು ಸುತ್ತಿಗೆ ಮುರಿಯುತ್ತದೆ. ಈ ಎರಡು ಸಂದರ್ಭದಲ್ಲೂ ಬಲ ಹೆಚ್ಚಿಸುವುದಲ್ಲ, ಬಿಸಿಗೆ ಹೋಗುವುದು.

ಬಿಟ್ಟ ಬೋಲ್ಟನ್ನು ಒಂದೇ ಉಸಿರಿಗೆ ಹೊರತೆಗೆಯಬೇಡಿ. ಅರ್ಧ ಸುತ್ತು ಹೊರಗೆ, ಕಾಲು ಸುತ್ತು ಒಳಗೆ, ಎರಡು ಹನಿ ಎಣ್ಣೆ, ಮತ್ತೆ ಅದೇ. ಕಿರ್ ಎನ್ನುತ್ತಿದ್ದರೆ ತುಕ್ಕಿನ ಹುಡಿ ಥ್ರೆಡ್ಡಿನಲ್ಲಿ ಸಿಕ್ಕಿಕೊಂಡಿದೆ ಎಂದರ್ಥ. ಇಂಪ್ಯಾಕ್ಟ್ ಗನ್ ಇದ್ದರೆ ಕಡಿಮೆ ಸೆಟ್ಟಿಂಗ್‌ನಲ್ಲಿ ಎರಡು ಮೂರು ಸೆಕೆಂಡಿನ ಚಿಕ್ಕ ಚಿಕ್ಕ ಸುತ್ತು, ಒಮ್ಮೆ ಬಿಗಿಯಲು, ಒಮ್ಮೆ ಬಿಚ್ಚಲು. ಗನ್‌ನ ಪೆಟ್ಟು ಬಾರ್‌ನ ಎಳೆತಕ್ಕಿಂತ ಬೋಲ್ಟ್‌ಗೆ ಒಳ್ಳೆಯದು. ಪೂರ್ತಿ ಬಲದಲ್ಲಿ ಒತ್ತಿ ಹಿಡಿದರೆ ಮಾತ್ರ ಅದೂ ಮುರಿಯುತ್ತದೆ.

ಬಿಸಿ: ಎಲ್ಲಿಗೆ, ಎಷ್ಟು

ಬೆಂಕಿ ಹಚ್ಚುವ ಮೊದಲು ಪೆಟ್ರೋಲ್ ಅಥವಾ ಡೀಸೆಲ್ ಪೈಪ್ ಬಿಚ್ಚಿ ಬಾಯಿ ಮುಚ್ಚಿ, ಎಣ್ಣೆ ಹಾಕಿದ್ದನ್ನೆಲ್ಲ ಬಟ್ಟೆಯಿಂದ ಒರೆಸಿ, ಅಸಿಟೋನ್ ಡಬ್ಬಿ ಹೊರಗಿಡಿ. ಬ್ರೇಕ್ ಕ್ಲೀನರ್ ಸ್ಪ್ರೇ ಮಾಡಿದ ಜಾಗಕ್ಕೆ ಉರಿ ತಾಗಿಸಲೇಬೇಡಿ. ಕ್ಲೋರಿನ್ ಇರುವ ಕ್ಲೀನರ್ ಕಾದರೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ. ಒಂದು ಬಕೆಟ್ ಮರಳು ಕೈಗೆ ಸಿಗುವಲ್ಲಿರಲಿ. ವೈರಿಂಗ್, ಡ್ರೈವ್ ಶಾಫ್ಟ್‌ನ ರಬ್ಬರ್ ಬೂಟುಗಳಿಗೆ ಒದ್ದೆ ಗೋಣಿ ಹೊದಿಸಿ.

ಬೋಲ್ಟ್ ಅಲ್ಯೂಮಿನಿಯಂನಲ್ಲಿ ಕಚ್ಚಿದ್ದರೆ, ಥ್ರೆಡ್ಡೇ ಅಲ್ಯೂಮಿನಿಯಂನಲ್ಲಿರಲಿ ದೇಹ ಮಾತ್ರ ಹೌಸಿಂಗ್ ತೂತಿನಲ್ಲಿರಲಿ, ಬಿಸಿ ಕೊಡಬೇಕಾದ್ದು ಸುತ್ತಲಿನ ಅಲ್ಯೂಮಿನಿಯಂಗೆ. ಅದು ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ, ತೂತು ದೊಡ್ಡದಾಗುತ್ತದೆ. ಹೀಟ್ ಗನ್‌ನಿಂದ ಐದಾರು ನಿಮಿಷ ಸುತ್ತ ಆಡಿಸಿ. ನೀರಿನ ಹನಿ ಬಿಟ್ಟರೆ ಚುರ್ ಎಂದು ಕುದಿದು ಹೋಗುವಷ್ಟು ಕಾದರೆ ಸಾಕು, 120ರಿಂದ 150 ಡಿಗ್ರಿ. ಅಲ್ಯೂಮಿನಿಯಂ ಕರಗುವ ಮುಂಚೆ ಕಬ್ಬಿಣದಂತೆ ಕೆಂಪಾಗುವುದಿಲ್ಲ. ಬಣ್ಣ ನೋಡಿ ಅಂದಾಜು ಮಾಡುವ ರೂಢಿಯವರು ಅದಕ್ಕೇ ಇಲ್ಲಿ ಮೋಸ ಹೋಗುತ್ತಾರೆ, ಕಿವಿ ಇದ್ದಕ್ಕಿದ್ದಂತೆ ಕುಸಿದು ಬೀಳುತ್ತದೆ. ಗ್ಯಾಸ್ ಕಟ್ಟಿಂಗ್ ಟಾರ್ಚನ್ನು ಅಲ್ಯೂಮಿನಿಯಂಗೆ ತೋರಿಸಲೇಬಾರದು. ಕ್ರ್ಯಾಂಕ್‌ನ ಹಿಂದಿನ ಆಯಿಲ್ ಸೀಲ್ ಮತ್ತು ಗಿಯರ್ ಬಾಕ್ಸ್ ಇನ್‌ಪುಟ್ ಶಾಫ್ಟ್ ಸೀಲ್ ಕೂಡ ರಬ್ಬರ್. ನಡುಭಾಗಕ್ಕೆ ಬಿಸಿ ಸರಿಯದಿರಲಿ.

ಥ್ರೆಡ್ ಬೀಡುಕಬ್ಬಿಣದ ಬ್ಲಾಕ್‌ನಲ್ಲಿದ್ದರೆ ಲೆಕ್ಕ ಬೇರೆ. ಕಬ್ಬಿಣ, ಉಕ್ಕು ಎರಡೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹಿಗ್ಗುತ್ತವೆ. ಇಲ್ಲಿ ಬೋಲ್ಟ್‌ನ ತಲೆಯನ್ನೇ ಸಣ್ಣ ಉರಿಯಿಂದ ಕಾಯಿಸಿ. ಅದು ಹಿಗ್ಗಲು ಹೋಗಿ ತುಕ್ಕನ್ನು ಪುಡಿ ಮಾಡುತ್ತದೆ, ತಣಿದಾಗ ಕುಗ್ಗಿ ಸಂದು ಬಿಡುತ್ತದೆ. ಪೂರ್ತಿ ತಣಿದ ಮೇಲೆ ತಿರುಗಿಸಿ. ಎರಡು ಮೂರು ಸಲ ಕಾಯಿಸಿ ತಣಿಸುವುದು ಒಂದೇ ಸಲದ ಜೋರು ಉರಿಗಿಂತ ಮೇಲು. ಇನ್ನೂ ಬಿಸಿ ಇರುವಾಗ ತಲೆಯ ಬುಡಕ್ಕೆ ಮೇಣದ ಬತ್ತಿ ತಾಗಿಸಿದರೆ ಕರಗಿದ ಮೇಣ ಒಳಗೆ ಹೀರಿಕೊಳ್ಳುತ್ತದೆ. ಶಿರಸಿ, ಸಿದ್ದಾಪುರದ ಕಡೆ ಮನೆಯಲ್ಲಿರುವ ಜೇನುಮೇಣವೂ ಆಗುತ್ತದೆ. ಬಿಸಿಗೆ ಎಣ್ಣೆ ಹೊಗೆಯಾಗಿ ಹೋಗುತ್ತದೆ, ಮೇಣ ಒಳಗೇ ನಿಲ್ಲುತ್ತದೆ.

ತಲೆ ಸವೆದರೆ, ಬೋಲ್ಟ್ ಮುರಿದರೆ

14ರ ತಲೆ ಸವೆದಿದ್ದರೆ 13ರ ಆರು ಮೂಲೆ ಸಾಕೆಟ್ಟನ್ನು ಸುತ್ತಿಗೆಯಿಂದ ಬಡಿದು ಕೂರಿಸಿ. ಒಳಗೆ ಉಲ್ಟಾ ಸುರುಳಿ ಹಲ್ಲಿರುವ ಎಕ್ಸ್‌ಟ್ರಾಕ್ಟರ್ ಸಾಕೆಟ್ ಇದ್ದರೆ ಇನ್ನೂ ಚೆನ್ನ. ಅದೂ ಜಾರಿದರೆ ತಲೆಯ ಮೇಲೆ ದೊಡ್ಡ ನಟ್ ಇಟ್ಟು ಒಳಗಿನಿಂದ ವೆಲ್ಡ್ ತುಂಬಿಸುವುದು. ವೆಲ್ಡಿಂಗ್‌ಗೆ ಮುಂಚೆ ಬ್ಯಾಟರಿಯ ಎರಡೂ ತಂತಿ, ಇಸಿಯು (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಮತ್ತು ಆಲ್ಟರ್ನೇಟರ್ ಕನೆಕ್ಟರ್ ಬಿಚ್ಚಿಡಿ. ಅರ್ತ್ ಕ್ಲಾಂಪನ್ನು ಅದೇ ಬೋಲ್ಟ್‌ನ ಪಕ್ಕದಲ್ಲೇ ಕಚ್ಚಿಸಿ. ಚಾಸಿಗೆ ಹಾಕಿದರೆ ವೆಲ್ಡಿಂಗ್ ಕರೆಂಟ್ ಬೇರಿಂಗ್‌ಗಳ ಮೂಲಕ ಹಾಯ್ದು ಅವನ್ನು ಸುಡುತ್ತದೆ. ನಟ್ಟಿನ ಕೆಂಪು ಆರಿ ಎರಡು ನಿಮಿಷ ಕಳೆದ ಮೇಲೆ ತಿರುಗಿಸಿ. ವೆಲ್ಡಿಂಗ್‌ನ ಬಿಸಿಯೇ ಅರ್ಧ ಕೆಲಸ ಮಾಡಿರುತ್ತದೆ.

ತಲೆ ತುಂಡಾದರೆ ಕೈಚೆಲ್ಲಬೇಕಿಲ್ಲ. ತಲೆ ಹೋದ ಬೋಲ್ಟ್ ಹೌಸಿಂಗನ್ನು ಒತ್ತಿ ಹಿಡಿದಿರುವುದಿಲ್ಲ, ಉಳಿದವನ್ನು ಬಿಚ್ಚಿ ಗಿಯರ್ ಬಾಕ್ಸ್ ಸರಿಸಿದರೆ ಉಳಿದ ತುಂಡು ಬ್ಲಾಕ್‌ನಿಂದ ಸ್ಟಡ್‌ನಂತೆ ಹೊರಗೆ ನಿಂತಿರುತ್ತದೆ. ಒತ್ತಡ ಹೋದ್ದರಿಂದ ಅದು ಹಲವು ಸಲ ವೈಸ್ ಗ್ರಿಪ್‌ಗೇ ಬರುತ್ತದೆ. ಇದೇ ಕಾರಣಕ್ಕೆ, ಯಾವುದಕ್ಕೂ ಬಗ್ಗದ ಬೋಲ್ಟ್‌ನ ತಲೆಯನ್ನು ಬೇಕೆಂದೇ ಡ್ರಿಲ್ ಮಾಡಿ ತೆಗೆಯುವುದು ಒಳ್ಳೆಯ ನಿರ್ಧಾರ: ಎಂ10ಗೆ ಮೊದಲು 5, ಆಮೇಲೆ 10 ಮಿಲಿಮೀಟರ್ ಬಿಟ್. ತಲೆಯ ದಪ್ಪದಷ್ಟು ಮಾತ್ರ ಕೊರೆದು ಉಳಿಯಿಂದ ಒಂದು ಪೆಟ್ಟು ಕೊಟ್ಟರೆ ತಲೆ ಉದುರುತ್ತದೆ.

ಬೋಲ್ಟ್ ಬ್ಲಾಕ್‌ನ ಮೈಗೆ ಸಮನಾಗಿ ಮುರಿದರೆ ಕಷ್ಟ. ಸೆಂಟರ್ ಪಂಚ್ ಸರಿಯಾಗಿ ನಡುವೆ ಬೀಳುವವರೆಗೆ ಡ್ರಿಲ್ ಮುಟ್ಟಬೇಡಿ. ಎಡಕ್ಕೆ ತಿರುಗಿ ಕೊರೆಯುವ ಬಿಟ್ ಸಿಕ್ಕರೆ ಅದನ್ನೇ ಹಾಕಿ, ಕೊರೆಯುವಾಗಲೇ ತುಂಡು ಕಚ್ಚಿ ಹೊರಬರುವುದುಂಟು. ಈಸಿ-ಔಟ್ (ಕೊರೆದ ತೂತಿಗೆ ಹಾಕಿ ಮುರಿದ ತುಂಡನ್ನು ಉಲ್ಟಾ ತಿರುಗಿಸಿ ತೆಗೆಯುವ ಸಾಧನ) ಬಗ್ಗೆ ಎಚ್ಚರ. ಅದು ಗಡಸು, ಬೇಗ ಮುರಿಯುತ್ತದೆ, ಮುರಿದರೆ ಮಾಮೂಲಿ ಬಿಟ್ ಅದರ ಮೇಲೆ ಓಡುವುದಿಲ್ಲ. ತುಕ್ಕಿಗೇ ಮುರಿದ ಬೋಲ್ಟನ್ನು ಅದಕ್ಕಿಂತ ತೆಳ್ಳಗಿನ ಈಸಿ-ಔಟ್ ತೆಗೆಯುತ್ತದೆ ಎಂದು ನಂಬುವುದು ಕಷ್ಟ. ಕೊರೆದೇ ತೆಗೆಯುವುದಾದರೆ ಎಂ10 × 1.5ಗೆ 8.5, ಎಂ10 × 1.25ಗೆ 8.8, ಎಂ12 × 1.25ಗೆ 10.8 ಮಿಲಿಮೀಟರ್‌ವರೆಗೆ ಹೋಗಿ ಉಳಿದ ಸುರುಳಿಯನ್ನು ಟ್ಯಾಪ್‌ನಿಂದ ಬಿಡಿಸಿ. ಥ್ರೆಡ್ ಹಾಳಾಗಿದ್ದರೆ ಲೇತ್ ಅಂಗಡಿಯಲ್ಲಿ ಹೆಲಿಕಾಯಿಲ್ (ಹೊಸ ಥ್ರೆಡ್ ಆಗುವ ಉಕ್ಕಿನ ತಂತಿಯ ಸುರುಳಿ) ಕೂರಿಸಬಹುದು, ಅದು ಮೂಲ ಅಲ್ಯೂಮಿನಿಯಂ ಥ್ರೆಡ್ಡಿಗಿಂತ ಗಟ್ಟಿ.

ಬೋಲ್ಟ್ ಎಲ್ಲ ಬಂದರೂ ಗಿಯರ್ ಬಾಕ್ಸ್ ಬಿಡದಿದ್ದರೆ

ಮೊದಲು ಎಣಿಸಿ. ಸೆಲ್ಫ್ ಮೋಟರಿನ ಹಿಂದಿನದ್ದು, ವೈರಿಂಗ್ ಬ್ರಾಕೆಟ್‌ನಡಿ ಅಡಗಿದ್ದು, ಕೆಳಗಿನ ತಗಡಿನ ಎಂ6ಗಳು, ಇವುಗಳಲ್ಲಿ ಒಂದು ಉಳಿದಿರುವ ಸಂಭವವೇ ಹೆಚ್ಚು. ಆಟೋಮ್ಯಾಟಿಕ್ ಗಾಡಿಯಲ್ಲಿ ಟಾರ್ಕ್ ಕನ್ವರ್ಟರ್ ಬೋಲ್ಟ್‌ಗಳನ್ನು ಸೆಲ್ಫ್‌ನ ಕಿಂಡಿಯಿಂದ ಒಂದೊಂದಾಗಿ ಕ್ರ್ಯಾಂಕ್ ತಿರುಗಿಸಿ ತೆಗೆಯಬೇಕು. ಬಿಚ್ಚಿದ ಬೋಲ್ಟ್‌ಗಳ ಉದ್ದ ಒಂದೇ ಅಲ್ಲ, ರಟ್ಟಿನ ಮೇಲೆ ಬೆಲ್ ಹೌಸಿಂಗ್ ಆಕಾರ ಗೀಚಿ ಅವುಗಳ ಜಾಗದಲ್ಲೇ ಚುಚ್ಚಿಡಿ, ಅಡಿಕೆ ಹಾಳೆಯಾದರೂ ಸರಿ. ತೂತು ಖಾಲಿ ಕಂಡರೆ ಬೋಲ್ಟ್ ಎಲ್ಲಿದೆ ಎಂದು ತಿಳಿಯುತ್ತದೆ.

ಎಣಿಕೆ ಸರಿ ಇದ್ದರೆ ಡೋವೆಲ್ ಪಿನ್‌ಗಳು (ಬ್ಲಾಕ್, ಹೌಸಿಂಗ್ ಎರಡನ್ನೂ ನೇರ ಕೂರಿಸುವ ಥ್ರೆಡ್ ಇಲ್ಲದ ಉಕ್ಕಿನ ಗೂಟಗಳು) ಕಚ್ಚಿವೆ. ಕರಾವಳಿಯ ಗಾಡಿಗಳಲ್ಲಿ ಬೋಲ್ಟ್‌ಗಿಂತ ಹೆಚ್ಚು ಹೊತ್ತು ತಿನ್ನುವುದು ಈ ಎರಡು ಪಿನ್‌ಗಳೇ. ಅವುಗಳ ಜಾಗದ ಕೂಡುಗೆರೆಗೆ ಎಣ್ಣೆ ಕೊಟ್ಟು, ಹೌಸಿಂಗ್ ಕಡೆ ಬಿಸಿ ಮಾಡಿ, ಕಿವಿಯ ಮೇಲೆ ಮರದ ತುಂಡಿಟ್ಟು ಎರಡೂ ಬದಿ ಸರದಿಯಂತೆ ಬಡಿಯಿರಿ. ಸಂದು ಬಿಟ್ಟ ಮೇಲೆ ತೆಳ್ಳಗಿನ ಅಗಲ ಪಟ್ಟಿಯನ್ನು ಪಿನ್‌ನ ಹತ್ತಿರವೇ ತೂರಿಸಿ. ಸ್ಕ್ರೂ ಡ್ರೈವರ್ ಮೊನೆ ತೂರಿಸಿದರೆ ಕೂಡುಮೈಯಲ್ಲಿ ಗಾಯವಾಗಿ ಮರಳಿ ಹಾಕುವಾಗ ಗಿಯರ್ ಬಾಕ್ಸ್ ಓರೆ ಕೂರುತ್ತದೆ. ಸಂದು ಸುತ್ತಲೂ ಸಮನಾಗಿ ಹೆಚ್ಚಬೇಕು. ಪಿನ್‌ಗಳ ಪಕ್ಕದ ಎರಡು ಬೋಲ್ಟ್‌ಗಳನ್ನು ಕೊನೆಯ ಎರಡು ಸುತ್ತಿನ ಮೇಲೆ ಬಿಟ್ಟಿರಿ, ಇಲ್ಲವಾದರೆ ಗಿಯರ್ ಬಾಕ್ಸ್ ಒಮ್ಮೆಲೇ ಕಳಚಿ ಎದೆಯ ಮೇಲೆ ಬರುತ್ತದೆ. ಸಣ್ಣ ಕಾರಿನದ್ದೂ ಸುಮಾರು 30 ಕೆಜಿ. ಆ ತೂಕ ಇನ್‌ಪುಟ್ ಶಾಫ್ಟ್ ಮೇಲೆ ಜೋತುಬಿದ್ದರೆ ಕ್ಲಚ್ ಪ್ಲೇಟ್ ಬಾಗುತ್ತದೆ, ಪೂರ್ತಿ ಹೊರಬರುವ ತನಕ ಕೆಳಗೆ ಜಾಕ್ ಇರಲೇಬೇಕು.

ಮರಳಿ ಹಾಕುವಾಗ

ಪಿನ್‌ನ ತೂತುಗಳ ಬಿಳಿ ಹುಡಿಯನ್ನು ಸಣ್ಣ ಬ್ರಷ್‌ನಿಂದ ತೆಗೆದು, ಥ್ರೆಡ್‌ಗಳಿಗೆ ಟ್ಯಾಪ್ ಕೈಯಿಂದಲೇ ಓಡಿಸಿ. ಹೊಸ ಬೋಲ್ಟ್ ಬೇಕಾದರೆ ತಲೆಯ ಮೇಲೆ 8.8 ಎಂದು ಒತ್ತಿರುವುದನ್ನೇ ಕೊಳ್ಳಿ. ದೋಣಿಗೆಂದು ಮಾರುವ ಸ್ಟೇನ್‌ಲೆಸ್ ಬೋಲ್ಟ್ ತುಕ್ಕು ಹಿಡಿಯದು ಎಂದು ಆಸೆಪಡಬೇಡಿ, ಉಪ್ಪುಗಾಳಿಯಲ್ಲಿ ಅದು ಅಲ್ಯೂಮಿನಿಯಂನ್ನು ಮಾಮೂಲಿ ಉಕ್ಕಿಗಿಂತ ಬೇಗ ತಿನ್ನಿಸುತ್ತದೆ.

ಬೋಲ್ಟ್‌ನ ದೇಹಕ್ಕೆ ಮತ್ತು ಪಿನ್‌ಗಳಿಗೆ ನೀರು ತಡೆಯುವ ಗ್ರೀಸ್ ತೆಳ್ಳಗೆ ಸವರಿ. ಬೋಟಿನ ಇಂಜಿನ್‌ಗಳಿಗೆ ಹಾಕುವ ಮರೀನ್ ಗ್ರೀಸ್ ಇದಕ್ಕೆ ಹೇಳಿ ಮಾಡಿಸಿದ್ದು. ಥ್ರೆಡ್ಡಿಗೂ ಹಚ್ಚಿದರೆ ಒಣ ಬೋಲ್ಟ್‌ನ ಟಾರ್ಕ್‌ಗಿಂತ ಕಾಲುಭಾಗ ಕಡಿಮೆ ಬಿಗಿಯಿರಿ: ಎಂ10ಗೆ 35ರಿಂದ 38, ಎಂ12ಗೆ 60 ನ್ಯೂಟನ್ ಮೀಟರ್ ಆಸುಪಾಸು. ಗಾಡಿಯ ಸರ್ವಿಸ್ ಪುಸ್ತಕದಲ್ಲಿ ಬೇರೆ ಅಂಕಿ ಇದ್ದರೆ ಅದೇ ಸರಿ. ಎರಡೂ ಮೈ ಕೈಯಿಂದಲೇ ಕೂಡಿಕೊಂಡ ಮೇಲಷ್ಟೇ ಬೋಲ್ಟ್ ಬಿಗಿಯಬೇಕು. ಬೋಲ್ಟ್‌ನಿಂದ ಎಳೆದು ಕೂರಿಸಿದರೆ ಕಿವಿ ಮುರಿಯುತ್ತದೆ.

ಮಳೆಗಾಲದಲ್ಲಿ ಗಿಯರ್ ಬಾಕ್ಸ್ ರಾತ್ರಿ ಹೊರಗೇ ಉಳಿದರೆ ಫ್ಲೈವೀಲ್ ಬೆಳಗಾಗುವಷ್ಟರಲ್ಲಿ ಕೆಂಪಾಗುತ್ತದೆ. ತೆಳ್ಳಗೆ ಎಣ್ಣೆ ಸವರಿಟ್ಟು, ಕೂಡಿಸುವ ಮುಂಚೆ ಕ್ಲೀನರ್‌ನಿಂದ ಒರೆಸಿ ಒಣಗಿಸಿ. ಮುಂದೆ ಮೀನಿನ ಗಾಡಿಯ ತಳಕ್ಕೆ ವಾರಕ್ಕೊಮ್ಮೆ ಸಿಹಿನೀರು ಹಾಯಿಸುವಾಗ ಬೆಲ್ ಹೌಸಿಂಗ್‌ನ ಕೆಳಗಿನ ಬೋಲ್ಟ್‌ಗಳ ಮೇಲೆ ಸಾವಕಾಶವಾಗಿ ಬಿಡಿ. ಪ್ರೆಶರ್ ಪಂಪಿನ ಬಾಯಿಯನ್ನು ತಳದ ತಗಡಿನ ಸಂದಿಗೆ ನೇರವಾಗಿ ಹಿಡಿಯಬೇಡಿ, ನೀರು ಕ್ಲಚ್ಚಿನವರೆಗೂ ಹೋಗುತ್ತದೆ.